ಊಟದ ವಿಷಯವನ್ನೂ ಮನವಿಯಲ್ಲಿ ಬರೆಯಿರಿ: ನಮ್ಮ ಧರ್ಮಕೇಂದ್ರದವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಬಂಧುಗಳೇ,

ನಮ್ಮ ಫಾದರನ್ನು ಬೇರೆ ಕಡೆಗೆ ವರ್ಗ ಮಾಡಿ ಎಂದು ಶಿವಮೊಗ್ಗದ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಬರೆದಿರುವ ಮನವಿ ವಾಟ್ಸಾಪಿನಲ್ಲಿ ನನಗೂ ಬಂತು. ಸಹಿ ಹಾಕಿದವರೆಲ್ಲ ಗೊತ್ತಿರುವವರೇ. ನಿಮ್ಮ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ಕಲಿಸಿದವಳು ನಾನು. ನಿಮ್ಮಲ್ಲಿ ಕೆಲವರಿಗೂ ಕಲಿಸಿದ್ದೇನೆ. ಜಗಳ ಮಾಡುವ ಮನಸ್ಸು ನನಗಿಲ್ಲ. ಆದರೆ ಆ ಕಾಗದಕ್ಕೆ ಸಹಿ ಹಾಕಲು ನನ್ನಿಂದ ಆಗಲಿಲ್ಲ. ಯಾಕೆ ಅಂತ ಹೇಳಬೇಕು. ಮನವಿ ಈಗಾಗಲೇ ಸಾಗರ, ಭದ್ರಾವತಿ ಕಡೆಯ ನೆಂಟರ ಫೋನುಗಳಿಗೂ ಹೋಗಿದೆ. ಹಾಗಾಗಿ ನನ್ನ ಮಾತೂ ಎಲ್ಲರೆದುರೇ ಇರಲಿ. ಊರಿನ ಹೆಸರು, ಫಾದರ್ ಹೆಸರು ಮಾತ್ರ ಬರೆಯುವುದಿಲ್ಲ.

ಮನವಿಯಲ್ಲಿ ಮೂರು ದೂರುಗಳಿವೆ. ಫಾದರ್ ಪ್ರಬೋಧನೆಯಲ್ಲಿ ಕೂಗಾಡುತ್ತಾರೆ. ಮನೆ ಭೇಟಿಗೆ ಸರಿಯಾಗಿ ಬರುವುದಿಲ್ಲ. ಹಿಂದಿನ ಫಾದರ್ ಹೀಗಿರಲಿಲ್ಲ. ಮೂರನ್ನೂ ಎರಡೆರಡು ಸಲ ಓದಿದೆ. ಚರ್ಚಿನ ಹಬ್ಬದ ಮರು ಭಾನುವಾರ ಅವರು ಪೀಠದ ಮುಂದೆ ನಿಂತು ಭಕ್ತರನ್ನು ಅವಮಾನ ಮಾಡಿದರು ಎಂದು ಬರೆದಿದ್ದೀರಿ. ಹಬ್ಬದ ದಿನ ಏನಾಯಿತು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಏನಾಯಿತು ಅಂತ ನಿಮಗೆ ಗೊತ್ತು. ಮನವಿ ಓದಿದ ಬೇರೆ ಊರಿನವರಿಗೆ ಗೊತ್ತಿಲ್ಲ. ಹಾಗಾಗಿ ಬರೆಯುತ್ತೇನೆ. ಪೂಜೆ ಮುಗಿದ ಮೇಲೆ ಊಟ ಎರಡು ಕಡೆ ಇತ್ತು. ಹಾಲಿನೊಳಗೆ ಮೇಜು, ಕುರ್ಚಿ, ಮೇಜಿನ ಮೇಲೆ ಬಿಳಿ ಬಟ್ಟೆ. ಹೊರಗೆ ಶಾಮಿಯಾನ. ಯಾರು ಒಳಗೆ, ಯಾರು ಹೊರಗೆ ಅಂತ ಬೋರ್ಡು ಹಾಕಿರಲಿಲ್ಲ, ಬಾಗಿಲಲ್ಲಿ ನಿಂತವರು ಮುಖ ನೋಡಿ ಬಿಡುತ್ತಿದ್ದರು. ಹಬ್ಬಕ್ಕೆ ದೊಡ್ಡ ಮೊತ್ತ ಕೊಟ್ಟ ಮನೆಯವರು, ತೋಟದ ಯಜಮಾನರು, ಅವರ ನೆಂಟರು ಒಳಗೆ. ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಂದ ಬಂದವರು ಹೊರಗೆ. ಒಳಗೆ ಎರಡು ಪಂಕ್ತಿ ಏಳುವ ತನಕ ಹೊರಗೆ ಬಡಿಸಲಿಲ್ಲ. ಬಡಿಸುವ ಹೊತ್ತಿಗೆ ಮಾಂಸದ ಪಾತ್ರೆಯಲ್ಲಿ ಬರೀ ರಸ ಉಳಿದಿತ್ತು. ಹಿಂದಿನ ದಿನ ಚರ್ಚಿನ ನೆಲ ತೊಳೆದು ಒರೆಸಿದ ಹೆಂಗಸೊಬ್ಬರು ಹಾಳೆ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಅವರ ಮಗಳು, ನನ್ನ ಕ್ಲಾಸಿನವಳು. "ಅವರದ್ದೆಲ್ಲ ಆಯ್ತಲ್ಲವ್ವ, ನಮಗೆ ಯಾವಾಗ?" ಎಂದು ಸೆರಗು ಎಳೆದಳು. "ಸುಮ್ನಿರು" ಎಂದರು ತಾಯಿ.

ಫಾದರ್ ಆಗ ಹಾಲಿನೊಳಗೆ ಮುಂದಿನ ಮೇಜಿನಲ್ಲಿ ಕೂತಿದ್ದರು. ಕಿಟಕಿಯಿಂದ ಕಂಡಿರಬೇಕು. ಎದ್ದು ಬಂದು, ಬಡಿಸುವ ಹುಡುಗರ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಿದರು. ಯಾರಿಗೂ ಏನೂ ಹೇಳಲಿಲ್ಲ. ಆ ದಿನ ಅವರು ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ಮುಂದಿನ ಭಾನುವಾರ ಹೇಳಿದರು. ಹೌದು, ದನಿ ಏರಿತ್ತು. ಬೈಬಲಿನಲ್ಲಿ ಸಂತ ಪೌಲರು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆಗೆದು ಓದಿದರು. ನೀವು ಮನವಿಯಲ್ಲಿ ಬರೆದ "ಅವಮಾನದ ಮಾತು"ಗಳಲ್ಲಿ ಅರ್ಧದಷ್ಟು ಫಾದರ್ ಅವರದ್ದಲ್ಲ, ಪೌಲರದ್ದು. ತಿನ್ನೋಕೆ ಕುಡಿಯೋಕೆ ನಿಮಗೆ ಮನೆಗಳಿಲ್ಲವಾ, ಏನೂ ಇಲ್ಲದವರ ಮರ್ಯಾದೆ ತೆಗೆಯುತ್ತೀರಾ, ಇದಕ್ಕೆ ನಿಮ್ಮನ್ನು ಹೊಗಳಬೇಕಾ ಎಂದು ಕೇಳಿದವರು ಪೌಲರು. 22ನೇ ವಚನ. ಮನೆಗೆ ಹೋಗಿ ತೆಗೆದು ನೋಡಿ.

ಈ ಅಧ್ಯಾಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಇಡೀ ವಿಷಯ ಅದರೊಳಗೇ ಇದೆ. ಕೊರಿಂಥ ಎರಡು ಬಂದರುಗಳ ನಡುವಿನ ಪಟ್ಟಣ. ಕ್ರಿ.ಪೂ. 146ರಲ್ಲಿ ರೋಮಿನವರು ಅದನ್ನು ನೆಲಸಮ ಮಾಡಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅಪ್ಪಣೆಯಂತೆ ಅದನ್ನು ಮತ್ತೆ ಕಟ್ಟಿದರು. ಹೊಸದಾಗಿ ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರೂ ಬಹಳ ಜನ ಇದ್ದರು. ಅಂದರೆ ಎಲ್ಲೆಲ್ಲಿಂದಲೋ ಬಂದವರ ಊರು. ನಮ್ಮದೂ ಹಾಗೇ ಅಲ್ವಾ? ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರು, ತೋಟದ ಕೆಲಸಕ್ಕೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ, ಶರಾವತಿ ಯೋಜನೆಗೆ ಅಂತ ಬಂದ ತಮಿಳಿನವರು, ಇಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಒಂದೇ ಬೆಂಚಿನಲ್ಲಿ ಕೂತು ಮೂರು ಭಾಷೆಯಲ್ಲಿ ಜಪಸರ ಹೇಳುವವರು ನಾವು.

ಪೌಲರು ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದರು. ಕ್ರಿ.ಶ. 50ರ ಆಸುಪಾಸು. ಗುಡಾರ ಮಾಡುವ ಕೆಲಸ ಮಾಡಿ ತಮ್ಮ ಅನ್ನ ತಾವೇ ದುಡಿದುಕೊಂಡು ಕಲಿಸಿದರು. ಆಮೇಲೆ ಎಫೆಸಕ್ಕೆ ಹೋದರು. ಅಲ್ಲಿಗೆ ಸುದ್ದಿ ಬಂತು. ಪ್ರಭುವಿನ ಭೋಜನಕ್ಕೆ ಅಂತ ಸೇರಿದಾಗ ಅನುಕೂಲಸ್ಥರು ತಮ್ಮ ಪಾಡಿಗೆ ಮೊದಲೇ ತಿಂದು ಕುಡಿದು ಮುಗಿಸುತ್ತಾರೆ, ಬಡವರು ಹಸಿದಿರುತ್ತಾರೆ ಎಂದು. ಪೌಲರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರು, ಯೇಸುಸ್ವಾಮಿ ತಮ್ಮನ್ನು ಹಿಡಿದುಕೊಟ್ಟ ರಾತ್ರಿ ರೊಟ್ಟಿ ತೆಗೆದುಕೊಂಡು ಏನೆಂದರು ಎಂಬುದನ್ನು ನೆನಪಿಸಿದರು. "ಇದು ನಿಮಗಾಗಿ ಇರುವ ನನ್ನ ಶರೀರ" ಎಂಬ ಮಾತು ಬರೆಹದಲ್ಲಿ ಸಿಗುವುದು ಮೊದಲು ಅಲ್ಲೇ. ಯೇಸುಸ್ವಾಮಿಯ ಜೀವನ ಹೇಳುವ ನಾಲ್ಕು ಶುಭಸಂದೇಶಗಳೂ ಅದಕ್ಕಿಂತ ಆಮೇಲೆ ಬರೆದವು. ಪ್ರತಿ ಪೂಜೆಯಲ್ಲಿ ನಾವು ಮಂಡಿಯೂರಿ ಕೇಳುವ ಆ ಮಾತು, ಮೊದಲ ಸಲ ಕಾಗದಕ್ಕೆ ಇಳಿದದ್ದು ಊಟದಲ್ಲಿ ಬಡವರನ್ನು ಹಿಂದೆ ಹಾಕಿದ್ದಕ್ಕೆ ಒಬ್ಬ ಗುರುವಿಗೆ ಬಂದ ಸಿಟ್ಟಿನ ನಡುವೆ.

ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಈ ಅಧ್ಯಾಯವನ್ನು ಓದುತ್ತೇವೆ. 23ನೇ ವಚನದಿಂದ ಶುರು ಮಾಡುತ್ತೇವೆ. ಬೈಗುಳ ಇರುವುದು 17ರಿಂದ 22ರವರೆಗೆ. ಹಾಗಾಗಿ ಪ್ರಭುಭೋಜನದ ಮಾತು ಎಲ್ಲರಿಗೂ ಬಾಯಿಪಾಠ, ಅದು ಯಾಕೆ ಬಂತು ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ಫಾದರ್ ಅವತ್ತು ಓದಿದ್ದು ಆ ಬಿಟ್ಟ ಭಾಗವನ್ನು. ಓದಿ, ಮಧ್ಯದಲ್ಲಿ ನಿಂತರು. ಪುಸ್ತಕದ ಮೇಲಿಟ್ಟ ಕೈ ನಡುಗುತ್ತಿತ್ತು. ನಾನು ಗಾಯನ ತಂಡದ ಪಕ್ಕದಲ್ಲೇ ಕೂತಿದ್ದೆ, ನೋಡಿದ್ದೇನೆ. "ಹೊರಗೆ ನಿಂತವರಿಗೆ ನಾನು ಯಾವ ಮುಖ ಇಟ್ಟುಕೊಂಡು ಪರಮ ಪ್ರಸಾದ ಕೊಡಲಿ?" ಎಂದರು. ಅದು ಮನವಿಯಲ್ಲಿ ಇಲ್ಲ.

ಒಂದು ವಿಷಯದಲ್ಲಿ ನಿಮ್ಮ ಮಾತು ಸರಿ. ಒಂದು ಮನೆಯವರ ಕಡೆ ಕೈ ತೋರಿಸಿ ಹೇಳಬಾರದಿತ್ತು. ಚಿಕ್ಕ ಮಕ್ಕಳು ಅಪ್ಪ ಅಮ್ಮನ ಪಕ್ಕದಲ್ಲಿ ಕೂತಿದ್ದರು. ಅದು ತಪ್ಪು ಅಂತ ನಾನು ಪೂಜೆ ಮುಗಿದ ಮೇಲೆ ಸಕ್ರೀಸ್ತಿಗೆ, ಅಂದರೆ ಗುರುಗಳು ಪೂಜೆಗೆ ಸಿದ್ಧವಾಗುವ ಕೋಣೆಗೆ ಹೋಗಿ ಅವರಿಗೇ ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಅದೇ ಸಂಜೆ ಆ ಮನೆಗೆ ಹೋಗಿ ಕ್ಷಮೆ ಕೇಳಿದರು. ಮಕ್ಕಳೆದುರೇ ಕೇಳಿದರು. ಇದನ್ನು ನನಗೆ ಹೇಳಿದವರು ಆ ಮನೆಯವರೇ, ಫಾದರ್ ಅಲ್ಲ. ಆ ಮನೆಯ ಸಹಿಯೂ ಮನವಿಯಲ್ಲಿದೆ. ಕ್ಷಮೆ ಕೇಳಿದ ವಿಷಯ ಮಾತ್ರ ಇಲ್ಲ.

ಪೌಲರಿಗೂ ಹೀಗೇ ಆಗಿತ್ತು. ಕೊರಿಂಥದವರಿಗೆ ಇನ್ನೊಂದು ಖಾರವಾದ ಪತ್ರ ಬರೆದರು. ಆಮೇಲೆ ಎರಡನೇ ಪತ್ರದಲ್ಲಿ ಹೇಳುತ್ತಾರೆ, ಬಹಳ ಸಂಕಟದಿಂದ, ಕಣ್ಣೀರಿಡುತ್ತಾ ಬರೆದೆ, ನಿಮ್ಮ ಮನಸ್ಸು ನೋಯಿಸಲು ಅಲ್ಲ ಎಂದು. ಆ ಪತ್ರ ಬರೆದದ್ದಕ್ಕೆ ನೊಂದುಕೊಂಡಿದ್ದೆ, ಈಗ ಇಲ್ಲ ಎಂದೂ ಹೇಳುತ್ತಾರೆ. ಅವರು ಪತ್ರ ಬರೆದ ಇನ್ನೊಂದು ಕಡೆಯ ಕ್ರೈಸ್ತರು, ಗಲಾತ್ಯದವರ ಹತ್ತಿರ ಇನ್ನೂ ಜೋರು. ಬುದ್ಧಿಗೆಟ್ಟವರೇ ಎಂದೇ ಕರೆದರು. ಆದರೆ ಮುಂದಿನ ಅಧ್ಯಾಯದಲ್ಲೇ ಅವರನ್ನು ನನ್ನ ಮಕ್ಕಳೇ ಎನ್ನುತ್ತಾರೆ, ನಿಮಗಾಗಿ ಮತ್ತೆ ಹೆರಿಗೆ ನೋವು ಪಡುತ್ತಿದ್ದೇನೆ ಎನ್ನುತ್ತಾರೆ. ಈಗಲೇ ನಿಮ್ಮ ಹತ್ತಿರ ಬಂದು ದನಿ ಬದಲಿಸಿ ಮಾತಾಡುವ ಆಸೆ, ಏನು ಮಾಡಬೇಕು ಅಂತ ತೋಚುತ್ತಿಲ್ಲ ಎನ್ನುತ್ತಾರೆ. ಅಷ್ಟು ದೊಡ್ಡ ಪ್ರೇಷಿತರಿಗೆ ತೋಚುತ್ತಿರಲಿಲ್ಲ! ಹಿಂದೊಮ್ಮೆ ಪೌಲರಿಗಾಗಿ ಕಣ್ಣು ಕಿತ್ತು ಕೊಡಲೂ ಸಿದ್ಧರಿದ್ದವರು ಆ ಗಲಾತ್ಯದವರು. ನಿಜ ಹೇಳಿದ್ದಕ್ಕೆ ನಾನು ನಿಮಗೆ ಶತ್ರು ಆದೆನಾ ಎಂದು ಪೌಲರು ಕೇಳುತ್ತಾರೆ. ಆ ಪ್ರಶ್ನೆ ಓದುವಾಗ ನನಗೆ ಪ್ರತಿ ಸಲ ಕಷ್ಟ ಆಗುತ್ತದೆ.

ಯೇಸುಸ್ವಾಮಿಯೂ ಒಮ್ಮೆ, ಇನ್ನೆಷ್ಟು ಕಾಲ ನಿಮ್ಮನ್ನು ಸಹಿಸಲಿ ಎಂದರು. ಮಾರ್ಕನ ಶುಭಸಂದೇಶ, 9ನೇ ಅಧ್ಯಾಯ. ಶಿಷ್ಯರ ಕೈಯಲ್ಲಿ ವಾಸಿಯಾಗದ ಹುಡುಗನ ವಿಷಯದಲ್ಲಿ ಹೇಳಿದ್ದು. ಹೇಳಿದ ಬೆನ್ನಿಗೇ ಆ ಹುಡುಗನನ್ನು ಕರೆತರಲು ಹೇಳಿ ಗುಣ ಮಾಡಿದರು.

ತಾಳ್ಮೆ ಅಂದರೆ ಯಾವತ್ತೂ ಸಿಟ್ಟೇ ಬರದಿರುವುದು ಅಂತ ನಾವು ಅಂದುಕೊಂಡಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಸಿಟ್ಟು ಬಂದ ಮೇಲೂ ಅದೇ ಜನರ ಮನೆ ಬಾಗಿಲಿಗೆ ಹೋಗುವುದು ತಾಳ್ಮೆ. ಫಾದರ್ ಆ ಸಂಜೆ ಮಾಡಿದ್ದು ಅದನ್ನೇ.

ಇನ್ನು ಮನೆ ಭೇಟಿಯ ದೂರು. ರಸ್ತೆ ಪಕ್ಕದ ಮನೆಗಳಿಗೆ ಅವರು ಕಮ್ಮಿ ಬಂದಿದ್ದಾರೆ, ನಿಜ. ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದ್ದೀರಾ? ಈ ಮಳೆಗಾಲ ಆಷಾಢದಲ್ಲಿ ಕರೆಂಟು ಹೋಗಿ ಬಹಳ ದಿನ ಆಗಿದ್ದಾಗ, ರಾತ್ರಿ ಹೊತ್ತು ಲೈನ್ ಮನೆಯಿಂದ ಒಬ್ಬ ಹುಡುಗ ಬಂದ. ಅಜ್ಜನಿಗೆ ಉಸಿರು ಸಿಗುತ್ತಿಲ್ಲ, ಅಭ್ಯಂಗ (ರೋಗಿಗೆ ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ) ಕೊಡಬೇಕು ಎಂದ. ಬೈಕು ಅರ್ಧ ದಾರಿಗೆ ಮಾತ್ರ ಹೋಗುತ್ತದೆ, ಅಲ್ಲಿಂದ ಮುಂದೆ ಕಾಲುಹಾದಿ. ಫಾದರ್ ರೇನ್‌ಕೋಟಿನೊಳಗೆ ಎಣ್ಣೆಯ ಡಬ್ಬಿ, ಪರಮ ಪ್ರಸಾದ ಇಟ್ಟುಕೊಂಡು ಹೋದರು. ಬೆಳಿಗ್ಗೆ ಆರೂವರೆ ಪೂಜೆಗೆ ವಾಪಸ್ ಇದ್ದರು. ಪೂಜೆ ಮಾಡುವಾಗ ಬಿಳಿ ನಿಲುವಂಗಿಯ ಅಂಚಿನಲ್ಲಿ, ಕಾಲಿನ ಹತ್ತಿರ ರಕ್ತದ ಕಲೆ ಕಂಡಿತು. ಇಂಬಳ (ಜಿಗಣೆ) ಕಚ್ಚಿದ್ದು. ಅವತ್ತು ಪೂಜೆಗೆ ಬಂದಿದ್ದವರು ನಾನು, ಇಬ್ಬರು ಸಿಸ್ಟರು, ಇನ್ನೊಬ್ಬ ಅಜ್ಜಿ. ಅಜ್ಜ ಆಮೇಲೆ ತೀರಿಕೊಂಡರು.

ಹಿಂದಿನ ಫಾದರ್ ಬಗ್ಗೆ ಒಂದೇ ಮಾತು. ಅವರು ಒಳ್ಳೆಯವರು, ನನಗೂ ಅವರ ಮೇಲೆ ಗೌರವ ಇದೆ. ಆದರೆ ಅವರು ಇದ್ದಾಗಲೂ ಅವರಿಗಿಂತ ಹಿಂದಿನವರೇ ವಾಸಿ ಅಂತ ನಾವು ಹೇಳುತ್ತಿದ್ದೆವು. ಕೊರಿಂಥದಲ್ಲೂ ಒಬ್ಬರು ನಾನು ಪೌಲನ ಕಡೆ, ಇನ್ನೊಬ್ಬರು ಅಲ್ಲಿ ಬೋಧಿಸಿದ ಅಪೊಲ್ಲೋಸನ ಕಡೆ, ಮತ್ತೊಬ್ಬರು ಕೇಫನ, ಅಂದರೆ ಪೇತ್ರನ ಕಡೆ ಎನ್ನುತ್ತಿದ್ದರು. ಪೌಲರ ಪತ್ರ ಜೋರು, ಆಳು ನೋಡಿದರೆ ಏನೂ ಇಲ್ಲ, ಮಾತೂ ಸಾಲದು ಎಂದೂ ಆಡಿಕೊಂಡರು.

ನಾನು ಪ್ರತಿ ಭಾನುವಾರ ಮಕ್ಕಳ ಜೊತೆ ಇರುವವಳು. ಕಲಿಸುವವರಿಗೆ ಎಷ್ಟು ಬೇಸರ ಆಗುತ್ತದೆ ಅಂತ ಗೊತ್ತು. ಹತ್ತು ಕಟ್ಟಳೆ ಕಲಿಸಿ, ಮುಂದಿನ ವಾರ ಕೇಳಿದರೆ ಮೂರೇ ನೆನಪಿರುತ್ತದೆ. ಅದಕ್ಕೆ ಬೇಸರ ಇಲ್ಲ, ಮಕ್ಕಳು ಅಲ್ವಾ. ಬೇಸರ ಆಗುವುದು ಚೆನ್ನಾಗಿ ನೆನಪಿಟ್ಟುಕೊಂಡ ಮಕ್ಕಳು ದೊಡ್ಡವರಾಗಿ ಹಾಲಿನ ಬಾಗಿಲಲ್ಲಿ ನಿಂತು ಮುಖ ನೋಡಿ ಒಳಗೆ ಬಿಡುವಾಗ. ಆ ದಿನ ಬಾಗಿಲಲ್ಲಿ ನಿಂತಿದ್ದ ಹುಡುಗರಿಗೆ ನೆರೆಯವರನ್ನು ಪ್ರೀತಿಸು ಅಂತ ಹೇಳಿಕೊಟ್ಟವಳು ನಾನೇ. ಅವರು ಕೆಟ್ಟ ಹುಡುಗರಲ್ಲ. ದೊಡ್ಡವರು ಹೇಳಿದ್ದನ್ನು ಮಾಡಿದರು.

ಆರ್ಸ್ ಎಂಬ ಫ್ರಾನ್ಸಿನ ಸಣ್ಣ ಹಳ್ಳಿಯ ಸಂತ ಜಾನ್ ಮರಿಯ ವಿಯಾನಿ ಅವರನ್ನು ನೀವೆಲ್ಲ ಬಲ್ಲಿರಿ. ಗುರುಗಳ ಪಾಲಕ ಸಂತ, ಆಗಸ್ಟ್ 4ರಂದು ಅವರ ಹಬ್ಬ. 1818ರಲ್ಲಿ ಆ ಹಳ್ಳಿಗೆ ಬಂದರು, 1859ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಶುರುವಿನಲ್ಲಿ ಕುಡಿತ, ಕುಣಿತದ ಬಗ್ಗೆ ಅವರು ಬೈದದ್ದು ಊರಿಗೆ ಹಿಡಿಸಲಿಲ್ಲ. ಅವರ ಮೇಲೆ ದೂರುಗಳೂ ಹೋದವು. ದಿನದ ಬಹುಪಾಲು ಹೊತ್ತು ಪಾಪನಿವೇದನೆ ಕೇಳುತ್ತಾ ಕೂತಿರುತ್ತಿದ್ದರು. ಸಾಕಾಗಿ, ಎಲ್ಲಾದರೂ ಒಬ್ಬನೇ ಪ್ರಾರ್ಥನೆ ಮಾಡಿಕೊಂಡು ಇರುತ್ತೇನೆ ಎಂದು ಒಂದಲ್ಲ, ಹಲವು ಸಲ ಊರು ಬಿಟ್ಟು ಹೊರಟವರು ಅವರು. ಸಂತರಿಗೇ ಸಾಕಾಗಿತ್ತು. ನಮ್ಮ ಫಾದರಿಗೆ ಸಾಕಾಗಬಾರದು ಅಂದರೆ ಹೇಗೆ?

ಇಲ್ಲಿ ಧರ್ಮಾಧ್ಯಕ್ಷರಿಗೂ ಒಂದು ಮಾತು, ಮನವಿ ಅವರ ಮೇಜಿಗೆ ಹೋಗಿರುವುದರಿಂದ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಬೇರೆಯಾದಾಗ, ಇನ್ನು ಧರ್ಮಾಧ್ಯಕ್ಷರು ಹತ್ತಿರದಲ್ಲೇ ಇರುತ್ತಾರೆ ಎಂದು ನಮ್ಮ ಹಿರಿಯರು ಖುಷಿಪಟ್ಟಿದ್ದರು. ಘಟ್ಟದ ಧರ್ಮಕೇಂದ್ರಗಳಲ್ಲಿ ಒಬ್ಬರೇ ಗುರುಗಳು ಇರುತ್ತಾರೆ. ಅಡಿಗೆ, ಲೆಕ್ಕ, ಶಾಲೆ, ಉಪಕೇಂದ್ರಗಳ ಪೂಜೆ, ಮಣ್ಣು ಕೊಡುವುದು, ಎಲ್ಲ ಒಬ್ಬರದೇ. ಸಿಟ್ಟು ಬಂದರೆ ಹೇಳಿಕೊಳ್ಳಲು ಅದೇ ಛಾವಣಿಯ ಕೆಳಗೆ ಇನ್ನೊಬ್ಬರು ಇರುವುದಿಲ್ಲ. ಅವರಿಗೆ ಒಬ್ಬ ಸಹಾಯಕ ಗುರುಗಳನ್ನು ಕೊಡಿ, ಅಥವಾ ವರ್ಷಕ್ಕೊಮ್ಮೆ ನಿಜವಾದ ರಜೆ ಕೊಡಿ. ಅವರನ್ನು ಕರೆಸುವ ಮೊದಲು ನಮ್ಮನ್ನೂ ಕರೆಸಿ. ಒಳಗೆ ಊಟ ಮಾಡಿದವರನ್ನು ಮಾತ್ರ ಅಲ್ಲ.

ಬಂಧುಗಳೇ, ದೂರು ಕೊಡುವ ಹಕ್ಕು ನಿಮಗಿಲ್ಲ ಅಂತ ನಾನು ಹೇಳುತ್ತಿಲ್ಲ. 1983ರ ಕಥೋಲಿಕ ಕಾನೂನು ಸಂಹಿತೆಯ 212ನೇ ನಿಯಮ ಆ ಹಕ್ಕನ್ನು ಕೊಡುತ್ತದೆ, ಕೆಲವು ಸಲ ಅದು ಕರ್ತವ್ಯ ಎಂದೂ ಹೇಳುತ್ತದೆ. ಗುರುಗಳು ಮಕ್ಕಳಿಗೆ ತೊಂದರೆ ಕೊಟ್ಟರೆ, ದುಡ್ಡು ನುಂಗಿದರೆ, ಚಂದಾ ಬಾಕಿ ಇದೆ ಅಂತ ಸತ್ತವರ ಪೂಜೆ ನಿಲ್ಲಿಸಿದರೆ ಮೊದಲ ಸಹಿ ನನ್ನದೇ. ಅಂಥ ಕಡೆ ತಾಳ್ಮೆಯ ಮಾತು ಆಡುವುದು ನೊಂದವರಿಗೆ ಮಾಡುವ ಮೋಸ. ಆದರೆ ಇದು ಅಂಥದ್ದಲ್ಲ. ಅದೇ ಸಂಹಿತೆಯ 1741ನೇ ನಿಯಮದಲ್ಲಿ ಗುರುಗಳನ್ನು ತೆಗೆಯಲು ಇರುವ ಕಾರಣಗಳಲ್ಲಿ, ಜನರಿಗೆ ಅವರ ಮೇಲೆ ಬೇಗ ಹೋಗದಂಥ ಅಸಮಾಧಾನ ಇರುವುದೂ ಒಂದು. ಅದನ್ನು ಯಾರೋ ತಿಳಿದವರು ನಿಮಗೆ ಹೇಳಿಕೊಟ್ಟಿದ್ದಾರೆ ಅಂತ ಮನವಿಯ ಕೊನೆಯ ಸಾಲು ಓದಿದರೆ ಗೊತ್ತಾಗುತ್ತದೆ. ಆ ಅಸಮಾಧಾನ ನಿಜವಾಗಿ ಎಲ್ಲರದ್ದಾ? ಲೈನ್ ಮನೆಗಳ ಒಂದು ಸಹಿಯೂ ಅದರಲ್ಲಿಲ್ಲ. ಅವರ ಹತ್ತಿರ ಯಾರೂ ಕಾಗದ ತೆಗೆದುಕೊಂಡು ಹೋಗಲೇ ಇಲ್ಲ. ನಾನು ಕೇಳಿದೆ.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇದಕ್ಕೆ ದಾರಿ ಹೇಳಿದ್ದಾರೆ. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮೊದಲು ವಾಟ್ಸಾಪಿಗೆ ಹೇಳಿದೆವು, ಆಮೇಲೆ ಧರ್ಮಾಧ್ಯಕ್ಷರಿಗೆ ಹೇಳಿದೆವು. ಫಾದರ್ ಕೋಣೆಯ ಬಾಗಿಲು ಯಾರೂ ತಟ್ಟಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮನವಿ ವಾಪಸ್ ತೆಗೆದುಕೊಂಡರೆ ಸಂತೋಷ. ತೆಗೆದುಕೊಳ್ಳುವುದಿಲ್ಲ ಅಂದರೆ, ಅದರಲ್ಲಿ ಊಟದ ವಿಷಯವನ್ನೂ ಬರೆಯಿರಿ. ಯಾರು ಒಳಗೆ ಕೂತರು, ಯಾರು ಹೊರಗೆ ನಿಂತರು, ಎಷ್ಟು ಹೊತ್ತು ನಿಂತರು, ಕೊನೆಗೆ ಅವರಿಗೆ ಏನು ಸಿಕ್ಕಿತು, ಎಲ್ಲ ಬರೆಯಿರಿ. ಫಾದರ್ ಕ್ಷಮೆ ಕೇಳಿದ್ದನ್ನೂ ಸೇರಿಸಿ. ಹಾಗೆ ಬರೆದರೆ ಅದು ಪೂರ್ತಿ ನಿಜ ಇರುವ ಕಾಗದ, ಧರ್ಮಾಧ್ಯಕ್ಷರು ಓದಿ ಏನು ಬೇಕಾದರೂ ತೀರ್ಮಾನ ಮಾಡಲಿ.

ಪಾಲನಾ ಸಮಿತಿಯ ಸಭೆ ಬರುವ ಭಾನುವಾರ ಎರಡನೇ ಪೂಜೆ ಆದ ಮೇಲೆ ಶಾಲೆಯ ಕೋಣೆಯಲ್ಲಿ ಇದೆ. ಮುಂದಿನ ವರ್ಷದ ಹಬ್ಬದ ಊಟ ಒಂದೇ ಕಡೆ, ಒಂದೇ ಪಂಕ್ತಿಯಲ್ಲಿ ನಡೆಯಬೇಕು ಎಂಬ ಠರಾವನ್ನು ನಾನು ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಲೈನ್ ಮನೆಗಳವರು ಸಭೆಗೆ ಬರುವ ಹಾಗೆ ಜೀಪಿನ ವ್ಯವಸ್ಥೆಗೆ ಮಾತಾಡಿದ್ದೇನೆ. ಬಾಡಿಗೆಯಲ್ಲಿ ಪಾಲು ಹಾಕುವವರು ಶನಿವಾರ ಸಂಜೆಯೊಳಗೆ ನನಗೆ ಫೋನ್ ಮಾಡಿ.

ಪ್ರೀತಿಯಿಂದ,
ನಿಮ್ಮ ಮಕ್ಕಳ ಧರ್ಮೋಪದೇಶದ ಟೀಚರ್